ಚಿಪ್ಪಿಗೊಂದು ಬಾಗಿಲು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾಚಿಕೊಂಡು ಹೇಳುತ್ತಿಲ್ಲ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಮಂಡಿನೋವು, ನನಗೆ ಇದು. ಮದುವೆಯಾದ ಹೊಸದರಲ್ಲಿ ಗಂಡ ತನ್ನ ಅಕ್ಕನ ಕೈಯಡುಗೆ ಹೊಗಳಿದನೆಂದು ವಾರಗಟ್ಟಲೆ ಮಾತು ಬಿಟ್ಟಿದ್ದೆ. ಈಗಲೂ ಮಗಳು ಫೋನಿನಲ್ಲಿ ಅತ್ತೆಯ ಮನೆಯ ಸಾರು ಚೆನ್ನಾಗಿತ್ತು ಅಂದರೆ ಸಾಕು, 'ಆಯ್ತು ಬಿಡಮ್ಮ, ಅಲ್ಲೇ ಉಣ್ಣು' ಎಂದು ಫೋನ್ ಇಟ್ಟುಬಿಡುತ್ತೇನೆ. ಈ ಬುದ್ಧಿ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಬೆರಳು ತೋರಿಸಲು ನನಗೆ ಮೂವರಿದ್ದಾರೆ. ಹೆತ್ತ ಅವ್ವ, ಸಾಕಿದ ದೊಡ್ಡಮ್ಮ, ಆಮೇಲೆ ಒಂದು ಹಳದಿ ಮೀನು.

ಹೊಸೂರಿನ ಮೂಕಂಡಪಲ್ಲಿಯಲ್ಲಿ ನಮ್ಮವು ಎದುರುಬದುರು ಎರಡು ಮನೆಗಳು. ನಡುವೆ ಸಿಮೆಂಟಿನ ಅಂಗಳ, ಅಂಗಳದಲ್ಲಿ ಒಂದು ನಲ್ಲಿ, ಒಂದು ಒಗೆಯುವ ಕಲ್ಲು, ಬಟ್ಟೆ ಒಣಹಾಕಲು ಒಂದು ತಂತಿ. ಈ ಕಡೆ ಮನೆಯಲ್ಲಿ ಅಪ್ಪ, ಅವ್ವ, ತಮ್ಮ ಮಂಜ. ಆ ಕಡೆ ಮನೆಯಲ್ಲಿ ದೊಡ್ಡಪ್ಪ, ದೊಡ್ಡಮ್ಮ ಮತ್ತು ನಾನು. ಅಪ್ಪ, ದೊಡ್ಡಪ್ಪ ಇಬ್ಬರೂ ಮಾಲೂರು ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆಂದು ಬಂದವರು, ಒಂದೇ ಗೇಟಿನೊಳಗೆ ಬೇರೆ ಬೇರೆ ಶಿಫ್ಟಿಗೆ ಹೋಗುತ್ತಿದ್ದರು. ನಾನು ಆ ಕಡೆ ಮನೆಯವಳಾದದ್ದು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಮಂಜ ಹುಟ್ಟಿದಾಗ ನಾನಿನ್ನೂ ಸರಿಯಾಗಿ ನಡೆಯುತ್ತಿರಲಿಲ್ಲ. ಬಾಣಂತನ ಮುಗಿಯುವವರೆಗೆ ಅಂತ ಮಕ್ಕಳಿಲ್ಲದ ದೊಡ್ಡಮ್ಮ ನನ್ನನ್ನು ಎತ್ತಿಕೊಂಡು ಹೋದಳು. ಬಾಣಂತನ ಮುಗಿಯಿತು. ಯಾರೂ ವಾಪಸ್ ಕರೆತರಲಿಲ್ಲ, ಯಾರೂ ಕಳಿಸಲೂ ಇಲ್ಲ. ನಾನು ಆ ಮನೆಯ ಚಾಪೆ, ಆ ಮನೆಯ ತಟ್ಟೆ, ಆ ಮನೆಯ ಕೊಬ್ಬರಿ ಎಣ್ಣೆಯ ವಾಸನೆಗೆ ಒಗ್ಗಿಹೋದೆ.

ಒಗ್ಗಿದ್ದು ನಾನು ಮಾತ್ರ. ಆ ಇಬ್ಬರು ಹೆಂಗಸರು ಯಾವತ್ತೂ ಒಗ್ಗಲಿಲ್ಲ. ಬೆಳಿಗ್ಗೆ ದೊಡ್ಡಮ್ಮ ನನಗೆ ಜಡೆ ಹಾಕಿ, ಕನಕಾಂಬರ ಮುಡಿಸಿ ಹೊರಗೆ ಬಿಡುತ್ತಿದ್ದಳು. ಅಂಗಳ ದಾಟುವಷ್ಟರಲ್ಲಿ ಅವ್ವ ಹಿಡಿದು, 'ಹೇನು ನೋಡ್ತೀನಿ ಬಾರೇ' ಎಂದು ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು, ಕಣ್ಣು ಮೇಲಕ್ಕೆ ಎಳೆಯುವಷ್ಟು ಬಿಗಿಯಾಗಿ. ಹೇನು ಒಂದು ದಿನವೂ ಸಿಗಲಿಲ್ಲ. ಭಾನುವಾರ ಅವ್ವ ಕೋಳಿಸಾರು ಮಾಡಿ ಒಂದು ಬಟ್ಟಲು ಆ ಕಡೆಗೆ ಕಳಿಸಿದರೆ ದೊಡ್ಡಮ್ಮ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ, ಬಾಗಿಲಲ್ಲಿ ನಿಂತೇ ಒಂದು ಚಿಟಿಕೆ ಉಪ್ಪು ಹಾಕಿ, ಆಮೇಲೆ ನನ್ನ ಮುದ್ದೆಗೆ ಬಿಡುತ್ತಿದ್ದಳು. ಆ ಉಪ್ಪು ಸಾರಿಗೆ ಬೇಕಿತ್ತೋ ಇಲ್ಲವೋ, ಅವ್ವನ ಕಣ್ಣಿಗಂತೂ ಸರಿಯಾಗಿ ಬೀಳುತ್ತಿತ್ತು. ನನಗೂ ನನ್ನ ಪಾಲಿನ ಉರಿ ಇತ್ತು. ಇಸ್ಕೂಲಿಗೆ ಹೋಗುವ ವಯಸ್ಸಾದರೂ ಅವ್ವನ ಸೊಂಟದ ಮೇಲೆ ಕೂತಿರುತ್ತಿದ್ದ ಮಂಜನನ್ನು ಕಂಡರೆ ಕಾಲು ಹಿಡಿದು ಕೆಳಕ್ಕೆ ಎಳೆಯಬೇಕು ಅನ್ನಿಸುತ್ತಿತ್ತು. ಆದರೆ ಸಂಜೆ ಇಸ್ಕೂಲಿನಿಂದ ಬರುವಾಗ ದೊಡ್ಡಮ್ಮ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ದಾರಿ ಕಾಯುತ್ತಾ ಕೂತಿರುತ್ತಿದ್ದಳಲ್ಲ, ಅದನ್ನು ನೋಡಿದ ಕೂಡಲೇ ಎಲ್ಲ ತಣ್ಣಗಾಗುತ್ತಿತ್ತು. ಆ ಮಣೆ ನನಗೋಸ್ಕರ ಇದ್ದ ಮಣೆ.

ಅದು ಜಾಗ ಬದಲಾಯಿಸಿದ್ದು ಮೀನು ಬಂದ ಮೇಲೆ. ಲೇತ್ ಮೆಷಿನ್ನಿನ ಮುಂದೆ ದಿನವೆಲ್ಲ ನಿಲ್ಲುತ್ತಿದ್ದ ದೊಡ್ಡಪ್ಪನಿಗೆ ಮನೆಗೆ ಬಂದಮೇಲೆ ಸದ್ದಿಲ್ಲದ ಏನಾದರೂ ನೋಡಬೇಕು ಅನ್ನುವ ಆಸೆ. ಒಂದು ದಿನ ಬಸ್ ಸ್ಟ್ಯಾಂಡಿನ ಹತ್ತಿರದ ಮೀನಿನ ಅಂಗಡಿಯಿಂದ ಗಾಜಿನ ತೊಟ್ಟಿ, ಗಾಳಿ ಮೋಟರು, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಜೋಡಿ ಮೀನು ತಂದ. ಅಪಿಸ್ಟೊ ಅಂತ ಹೆಸರು, ಎಲ್ಲೋ ಅಮೆಜಾನ್ ಕಾಡಿನ ಕಡೆಯವು ಎಂದು ಅಂಗಡಿಯವನು ಹೇಳಿದ್ದನಂತೆ. ಗಂಡು ಬೆರಳುದ್ದ, ಮೈಮೇಲೆ ನೀಲಿ ಮಿಂಚು, ಬಾವುಟದಂಥ ರೆಕ್ಕೆ. ಹೆಣ್ಣು ಅದರ ಅರ್ಧ ಇರಲಿಲ್ಲ, ಬಣ್ಣವೂ ಇಲ್ಲ, ನೆನೆದ ಹುಣಸೆ ಸಿಪ್ಪೆಯ ಹಾಗೆ. ಮೊಟ್ಟೆಯಿಡಲು ಗುಹೆಯಂಥದ್ದು ಬೇಕು ಎಂದೂ ಅವನೇ ಹೇಳಿದ್ದನಂತೆ. ದೊಡ್ಡಮ್ಮ ಅರ್ಧ ತೆಂಗಿನ ಚಿಪ್ಪನ್ನು ಬೋರಲು ಹಾಕಿ, ಅಂಚಿನಲ್ಲಿ ದೊಡ್ಡದೊಂದು ತೂತು ಒಡೆದು ಒಳಗಿಟ್ಟಳು.

ಅವತ್ತಿನಿಂದ ಮಣೆ ತೊಟ್ಟಿಯ ಮುಂದೆ. ನಾನು ಇಸ್ಕೂಲಿನಿಂದ ಬಂದು ಚೀಲ ಎಸೆದರೂ ದೊಡ್ಡಮ್ಮ ತಿರುಗುತ್ತಿರಲಿಲ್ಲ. 'ಬಂದ್ಯಾ? ಮಂಡಕ್ಕಿ ಡಬ್ಬದಾಗೈತೆ, ಆಕ್ಕೋ' ಅಷ್ಟೇ. ಗಾಜಿನಲ್ಲಿ ಅವಳ ಮುಖ ಕಾಣುತ್ತಿತ್ತು, ನನ್ನನ್ನು ನೋಡಿ ಯಾವತ್ತೂ ಬಾರದ ಒಂದು ನಗೆ ಅದರ ಮೇಲೆ ಇರುತ್ತಿತ್ತು. ಹುಣಸೆ ಸಿಪ್ಪೆಯಷ್ಟಿರುವ ಮೀನಿನ ಮೇಲೆ ಮನುಷ್ಯರು ಹೊಟ್ಟೆ ಉರಿದುಕೊಳ್ಳುತ್ತಾರಾ ಅಂದರೆ, ಹೌದು, ಉರಿದುಕೊಳ್ಳುತ್ತಾರೆ. ನಾನು ಉರಿದುಕೊಂಡೆ.

ಸ್ವಲ್ಪ ದಿನಕ್ಕೆ ಹೆಣ್ಣಿನ ಬಣ್ಣ ತಿರುಗಿತು. ಎಲ್ಲಿತ್ತೋ ಆ ಹಳದಿ, ಅರಿಶಿನ ಕಲಸಿ ಬಳಿದಂತೆ ಮೈಯೆಲ್ಲ ಹಳದಿ, ಪಕ್ಕದಲ್ಲಿ ಕಪ್ಪು ಚುಕ್ಕೆ. ಬಣ್ಣದ ಜೊತೆಗೆ ಬುದ್ಧಿಯೂ ತಿರುಗಿತು. ಚಿಪ್ಪಿನ ಹತ್ತಿರ ಸುಳಿದರೆ ತನಗಿಂತ ದೊಡ್ಡ ಗಂಡನ್ನು ಅಟ್ಟಿಸಿಕೊಂಡು ಹೋಗಿ ಕಚ್ಚುವುದು. ಆ ಬಡಪಾಯಿ ಹರಿದ ರೆಕ್ಕೆ ಇಟ್ಟುಕೊಂಡು ಮೇಲಿನ ಮೂಲೆಯಲ್ಲಿ, ಮೋಟರಿನ ಗುಳ್ಳೆಗಳ ಹಿಂದೆ ಅಡಗಿ ನಿಲ್ಲುವುದು. ದೊಡ್ಡಪ್ಪನಿಗೆ ಕರುಳು ಕಿತ್ತುಬಂತು.

"ಬಜಾರಿ ಕಣೇ ಇದು. ಒಳ್ಳೇ ಗಂಡನ್ನ ಬಾಳಿಸಲ್ಲ ಅಂತದೆ. ತೆಗ್ದಾಕ್ಬುಡ್ತೀನಿ ಇದನ್ನ."

ಅವನು ಸಣ್ಣ ಬಲೆ ಹಾಕಿ ಹಳದಿ ಹೆಣ್ಣನ್ನು ಹಿಡಿದು ಗಾಜಿನ ಬಾಟಲಿಗೆ ಬಿಟ್ಟ. ನನಗೆ ಒಳಗೊಳಗೇ ಖುಷಿ. ಗಂಡು ಮೆಲ್ಲಗೆ ಕೆಳಗಿಳಿದು ಚಿಪ್ಪಿನೊಳಗೆ ಹೋಯಿತು. ನೋಡ್ರಿ, ಪಾಪ, ಮನೆಗೆ ಸೇರಿಕೊಂಡಿತು ಎಂದು ದೊಡ್ಡಪ್ಪ ಎಲ್ಲರಿಗೂ ತೋರಿಸಿದ. ಬಲೆ ಹಾಕುವಾಗ ಚಿಪ್ಪಿನ ಒಳಮೈಗೆ ಅಂಟಿಕೊಂಡು ಕಂಡಿದ್ದ ಕೆಂಪು ಮೊಟ್ಟೆಗಳಲ್ಲಿ ಸಂಜೆ ಎತ್ತಿ ನೋಡಿದಾಗ ಒಂದೂ ಉಳಿದಿರಲಿಲ್ಲ. ಅಷ್ಟನ್ನೂ ಅವುಗಳ ಅಪ್ಪನೇ ತಿಂದು ಮುಗಿಸಿದ್ದ. ಅಂಗಡಿಯವನಿಗೆ ಹೇಳಿದರೆ ಅವನು ತಲೆ ಚಚ್ಚಿಕೊಂಡನಂತೆ.

"ತಾಯೆ ಎಡುತ್ತುಟ್ಟು ಅಪ್ಪನೆ ವಿಟ್ಟೀಂಗಳಾ ಸಾರ್?"

ತಾಯಿಯನ್ನು ತೆಗೆದು ಅಪ್ಪನನ್ನು ಬಿಟ್ಟಿರಾ ಅಂತ. ದೊಡ್ಡಪ್ಪ ಇದನ್ನು ಮನೆಗೆ ಬಂದು ಕನ್ನಡದಲ್ಲಿ ಹೇಳಿದಾಗ ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಈ ಜಾತಿಯಲ್ಲಿ ಮೊಟ್ಟೆ ಕಾಯುವುದು ಹೆಣ್ಣೇ, ಹಳದಿ ತಿರುಗಿತೆಂದರೆ ಕಾವಲಿಗೆ ನಿಂತಿತು ಎಂದರ್ಥ, ಆಮೇಲೆ ಅವಳ ಕಣ್ಣಿಗೆ ಗಂಡನೂ ಒಂದೇ ಕಳ್ಳನೂ ಒಂದೇ. ನಮಗೆಲ್ಲ ರೌಡಿಯ ಹಾಗೆ ಕಂಡವಳು ತಾಯಿ. ಅವತ್ತು ದೊಡ್ಡಮ್ಮ ಗಂಡನಿಗೆ ಊಟ ಬಡಿಸಿ, ತಾನು ಉಣ್ಣದೆ ತೊಟ್ಟಿಯ ಮುಂದೆ ಹೋಗಿ ಕೂತಳು.

ಎರಡನೇ ಸಲ ಬಾಟಲಿಗೆ ಹೋಗಿದ್ದು ಗಂಡು. ಹೆಣ್ಣು ಚಿಪ್ಪಿನ ಬಾಗಿಲಲ್ಲಿ ನಿಂತು ರೆಕ್ಕೆ ಬೀಸುತ್ತಲೇ ಇತ್ತು, ಊಟವನ್ನೂ ಬಿಟ್ಟು. ಆದರೆ ನಮ್ಮ ಬೋರ್‌ವೆಲ್ ನೀರು ಗೊತ್ತಲ್ಲ, ಬೇಳೆಯೂ ಬೇಯದ ಗಡಸು ನೀರು. ಮೊಟ್ಟೆಗಳು ಒಂದೊಂದಾಗಿ ಬೆಳ್ಳಗಾಗಿ ಕೆಟ್ಟವು. ಹೆಣ್ಣು ಕೆಟ್ಟದ್ದನ್ನೆಲ್ಲ ಆರಿಸಿ ತೆಗೆದು ಖಾಲಿ ಚಿಪ್ಪಿನ ಮುಂದೆ ನಿಂತಿತು. ಹಳದಿ ಮಾತ್ರ ಇಳಿಯಲಿಲ್ಲ. ಅದು ಏನಾದರೂ ತಿನ್ನಲಿ ಎಂದು ದೊಡ್ಡಪ್ಪ ಕೆರೆಯಿಂದ ಬಟ್ಟೆಯಲ್ಲಿ ಸೋಸಿ ನೀರುಚಿಗಟ ತಂದು ಬಿಟ್ಟ, ಸಾಸಿವೆಗಿಂತ ಸಣ್ಣ ಹುಳ, ಕುಪ್ಪಳಿಸುತ್ತಾ ಈಜುತ್ತವೆ. ಮೀನು ಅವನ್ನು ತಿನ್ನಲಿಲ್ಲ. ಗುಂಪಿನ ಸುತ್ತ ಸುತ್ತಿತು. ಗುಂಪಿನಿಂದ ದೂರ ಹೋದ ಹುಳವನ್ನು ಬಾಯಲ್ಲಿ ಹಿಡಿದು ತಂದು ಮೆಲ್ಲಗೆ ಗುಂಪಿನೊಳಗೇ ಉಗುಳಿತು. ಮರಿ ಕಾಯುವ ಹಾಗೆ ಹುಳಗಳನ್ನು ಕಾಯುತ್ತಿತ್ತು.

ಆಗ ಅವ್ವ ದೋಸೆ ಹಿಟ್ಟಿನ ಪಾತ್ರೆ ವಾಪಸ್ ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದಳು. ನಾನು ದೊಡ್ಡಮ್ಮನ ಬೆನ್ನಿಗೆ ಒರಗಿ ಕೂತಿದ್ದೆ. ದೊಡ್ಡಮ್ಮ ತಿರುಗದೆಯೇ ಹೇಳಿದಳು.

"ನೋಡೇ ಸರೋಜ, ಎಂಗೆ ಕಾಯ್ತಾವ್ಳೆ. ತನ್ ಮಕ್ಳು ಅಂತ್ಲೇ ಅಂದ್ಕಂಡವ್ಳೆ."

"ತಾನು ಹೆರ್ದೇ ಇದ್ದುದ್ನ ಕಾಯ್ಕಂಡು ಕುಂತ್ರೆ ತಾಯಾಗ್ಬುಡ್ತಾಳಾ ಅಕ್ಕ? ಹುಳ ಹುಳಾನೇ."

ದೊಡ್ಡಮ್ಮ ನಿಧಾನಕ್ಕೆ ಎದ್ದಳು.

"ಏನಂದೆ?"

"ಮೀನಿನ್ ಮಾತು ಅಕ್ಕ."

"ಮೀನಿನ್ ಮಾತಲ್ಲ ಅದು. ನಂಗೆ ಗೊತ್ತಾಯ್ತದೆ."

"ಗೊತ್ತಾದ್ರೆ ಒಳ್ಳೇದೇ ಆಯ್ತು." ಅವ್ವನ ದನಿ ಏರಿತು. "ಮೊನ್ನೆ ಜ್ವರ ಬಂದಾಗ ಯಾರ್ನ ಕರುದ್ಲು ಅವ್ಳು? ತಲೆ ತಾವ ಕುಂತಿರೋಳು ನಾನು. ಒದ್ದೆ ಬಟ್ಟೆ ಆಕ್ತಿರೋಳು ನಾನು. ಕಣ್ಣು ಬುಟ್ಟು ನನ್ ಮಕ ನೋಡಿ 'ದೊಡ್ಡಮ್ಮ ಎಲ್ಲಿ' ಅಂದ್ಲು. ನನ್ ಒಟ್ಟೆ ಎಂಗೆ ಉರೀಬೇಕು ಏಳಿ?"

"ಎರಡು ಕೂಸು ನನ್ ಕೈಲಾಗಲ್ಲ ಅಂತ ನನ್ ಮಡ್ಲಿಗೆ ಆಕ್ದೋಳು ನೀನೇ ಅಲ್ವೇನೇ?"

"ನೋಡ್ಕಳಿ ಅಂತ ಕೊಟ್ಟೆ. ಮಡಿಕ್ಕಳಿ ಅಂತ ಕೊಡ್ಲಿಲ್ಲ."

ನನಗೆ ಆಗ ಅಳು ಬರಬೇಕಿತ್ತು. ಬಂದದ್ದು ಜಂಬ. ಇಬ್ಬರು ದೊಡ್ಡ ಹೆಂಗಸರು ನನಗಾಗಿ ಕಿತ್ತಾಡುತ್ತಿದ್ದಾರೆ! ಮಂಜನಿಗಾಗಿ ಯಾರಾದರೂ ಕಿತ್ತಾಡಿದ್ದಾರಾ? ಇನ್ನೂ ಜೋರಾಗಲಿ, ದೊಡ್ಡಮ್ಮ ಅವ್ವನನ್ನು ಬಾಗಿಲಿನಿಂದ ಆಚೆ ದಬ್ಬಲಿ, ನನ್ನನ್ನು ಅವುಚಿಕೊಂಡು 'ಕೊಡಲ್ಲ' ಅನ್ನಲಿ ಎಂದು ಕಾದೆ. ಆದರೆ ದೊಡ್ಡಮ್ಮ ನೆಲ ನೋಡಿದಳು. ಒಳಗೆ ಹೋಗಿ ನನ್ನ ಫ್ರಾಕುಗಳು, ಇಸ್ಕೂಲಿನ ಲಂಗ, ಟೇಪುಗಳು ಎಲ್ಲವನ್ನೂ ತಂದು ಮಡಚಿ ಮಡಚಿ ಒಂದು ಟವೆಲಿನಲ್ಲಿ ಗಂಟು ಕಟ್ಟಿ ಅವ್ವನ ಮುಂದಿಟ್ಟಳು.

"ಕರ್ಕಂಡೋಗು."

ಅಷ್ಟು ಬೇಗ ಬಿಟ್ಟುಕೊಟ್ಟಳಲ್ಲ ಎಂಬ ಉರಿ ನನಗೆ ಬಹಳ ಕಾಲ ಆರಲಿಲ್ಲ. ಹುಳಗಳಿಗೋಸ್ಕರ ಆ ಮೀನು ತೊಟ್ಟಿಯನ್ನೆಲ್ಲ ಕಾಯುತ್ತಿತ್ತು. ನನಗೋಸ್ಕರ ಇವಳಿಗೆ ಇನ್ನೊಂದು ಮಾತು ಜೋರಾಗಿ ಆಡಲಾಗಲಿಲ್ಲವೇ? ಇನ್ನು ಮೀನೊಂದೇ ಸಾಕು ಅನ್ನಿಸಿತೇನೋ ಅವಳಿಗೆ ಎಂದುಕೊಂಡೆ. ಅಂಗಳ ದಾಟುವಾಗ ಅವ್ವ ನನ್ನ ರಟ್ಟೆ ಹಿಡಿದ ಹಿಡಿತ, ನಾನು ಓಡಿಹೋಗುವ ಕೋಳಿಯೇನೋ ಅನ್ನುವ ಹಾಗಿತ್ತು.

ಅವ್ವನ ಮನೆಯಲ್ಲಿ ನನಗೆ ಜಾಗವೇ ಗೊತ್ತಿರಲಿಲ್ಲ. ಯಾವ ತಟ್ಟೆ ಯಾರದು, ಊಟಕ್ಕೆ ಯಾವ ಗೋಡೆಗೆ ಒರಗಿ ಕೂರಬೇಕು, ಒಂದೂ ತಿಳಿಯದು. ಅವ್ವನ ಪಕ್ಕ ಮಂಜನದು, ಅದು ಮೊದಲಿನಿಂದ ಇದ್ದ ಕಾನೂನು. ನನಗೆ ಅವಳು ಮುದ್ದೆ ಮುರಿದು ಮುರಿದು ಇಟ್ಟು, ತುಪ್ಪ ಹಾಕಿ, ನಾನು ತಿನ್ನುವುದನ್ನೇ ನೋಡುತ್ತಾ ಕೂರುತ್ತಿದ್ದಳು. ಚೆನ್ನಾಗೈತಾ ಅಂತ ಕೇಳುತ್ತಿರಲಿಲ್ಲ, ಕೇಳಿದರೆ ನಾನು ಏನು ಹೇಳಿಬಿಡುತ್ತೇನೋ ಎಂಬ ಭಯ. ನಾನೂ ಹಟಕ್ಕೆ ಬಿದ್ದು ಪ್ರತಿ ಸಲ ಉಪ್ಪಿನ ಬಟ್ಟಲಿಗೆ ಕೈ ಹಾಕುತ್ತಿದ್ದೆ. ಅವಳ ಮುಖ ಸಣ್ಣಗಾಗುತ್ತಿತ್ತು. ನಮ್ಮ ಕಿಟಕಿಯಿಂದ ನೇರಕ್ಕೆ ದೊಡ್ಡಮ್ಮನ ಕಿಟಕಿ, ಅದರೊಳಗೆ ತೊಟ್ಟಿಯ ಹಸಿರು ಬೆಳಕು ಕಾಣುತ್ತಿತ್ತು. ನಾನು ಅಲ್ಲೇ ನಿಂತು ನೋಡುವುದು ಗೊತ್ತಾದಮೇಲೆ ಅವ್ವ ದಿನಾ ಒಂದು ದೊಡ್ಡ ಬೆಡ್‌ಶೀಟು ಒಗೆದು ತಂತಿಯ ಮೇಲೆ ಹರವತೊಡಗಿದಳು, ಸರಿಯಾಗಿ ಎರಡು ಕಿಟಕಿಗಳ ನಡುವೆ. ದಿನಾ ಒಗೆಯುವಷ್ಟು ಕೊಳೆ ಆ ಬೆಡ್‌ಶೀಟಿನಲ್ಲಿ ಇರಲಿಲ್ಲ.

ಶೀಟಿನ ಕೆಳಗೆ ಬಗ್ಗಿ ಓಡಿಹೋದರೂ ಲಾಭವಿರಲಿಲ್ಲ. ದೊಡ್ಡಮ್ಮ ಹೊಸಿಲಲ್ಲೇ ತಡೆಯುತ್ತಿದ್ದಳು.

"ಓಗು, ನಿಮ್ಮವ್ವ ಕರೀತಾವ್ಳೆ."

"ಇಲ್ಲ, ಕರೀಲಿಲ್ಲ."

"ಕರೀತಾಳೆ. ಓಗು."

ಅಷ್ಟರಲ್ಲಿ ಬೇಸಿಗೆಯ ಮೊದಲ ಮಳೆ ಬಂತು. ಗಡಸು ನೀರು ಬೇಡ, ಮಳೆನೀರು ಹಿಡಿದಿಡಿ ಎಂದು ಅಂಗಡಿಯವನು ಹೇಳಿದ್ದನಂತೆ. ದೊಡ್ಡಮ್ಮ ಸೂರಿನ ಕೆಳಗೆ ಬಿಂದಿಗೆ, ಬಕೆಟ್ಟು, ಇಡ್ಲಿ ಪಾತ್ರೆ ಸಹ ಇಟ್ಟು ಹಿಡಿದಳು. ಆ ಸಲ ಮೊಟ್ಟೆ ಬೆಳ್ಳಗಾಗಲಿಲ್ಲ. ಒಂದು ದಿನ ಅಕ್ಕಪಕ್ಕದವರೆಲ್ಲ ಆ ಮನೆಗೆ ನುಗ್ಗಿದರು, ಆ ಗದ್ದಲದಲ್ಲಿ ನಾನೂ ನುಸುಳಿದೆ. ಹಳದಿ ಹೆಣ್ಣು ಚಿಪ್ಪಿನಿಂದ ಹೊರಗೆ ಬಂದಿತ್ತು, ಅದರ ಹಿಂದೆ ಧೂಳಿನ ಹಾಗೆ ಮರಿಗಳು. ಯಾರೋ ಗಾಜಿಗೆ ಬೆರಳು ಬಡಿದರು. ತಾಯಿ ಒಂದು ಸಲ ಮೈ ಜಾಡಿಸಿತು ಅಷ್ಟೇ, ಅಷ್ಟೂ ಮರಿಗಳು ಪಟಕ್ಕನೆ ಮರಳಿಗೆ ಬಿದ್ದು ಕಾಣದಾದವು. ಎಲ್ಲರೂ 'ಅಬ್ಬಬ್ಬಾ' ಅಂದರು. ಒಂದು ಮರಿ ಮಾತ್ರ ದೂರದಲ್ಲಿ ಉಳಿದಿತ್ತು. ತಾಯಿ ಹೋಗಿ ಅದನ್ನು ಬಾಯೊಳಗೆ ಹಾಕಿಕೊಂಡಿತು. ತಿಂದೇಬಿಡ್ತು ಎಂದು ನಾನು ಕಿರುಚಿದೆ. ತಿನ್ನಲಿಲ್ಲ, ತಂದು ಉಳಿದವುಗಳ ನಡುವೆ ಉಗುಳಿತು. ನನ್ನ ದನಿ ಕೇಳಿ ದೊಡ್ಡಮ್ಮನ ಕೈ ಗುಂಪಿನ ನಡುವೆ ಹಿಂದಕ್ಕೆ ಚಾಚಿ ನನ್ನ ತಲೆ ಹುಡುಕಿತು. ಜಡೆ ಸಿಕ್ಕಿತು. ಅವ್ವ ಹಾಕಿದ ಬಿಗಿ ಜಡೆ. ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿ ಕೈ ವಾಪಸ್ ತೆಗೆದುಕೊಂಡಳು. ಅವಳಿಗೂ ಹೊಟ್ಟೆ ಉರಿಯಿತು ಎಂದು ನನಗೆ ಗೊತ್ತಾಗಿಹೋಯಿತು. ಎಂಥ ಸಮಾಧಾನ ಅನ್ನಿಸಿತೋ ಹೇಳಲಾರೆ. ಅಂಗಳದವರೆಲ್ಲ ಬಂದು ನೋಡಿದರು, ಅವ್ವ ಮಾತ್ರ ಬರಲಿಲ್ಲ.

ಮರಿಗಳು ಬೆಳೆದವು. ಒಂದು ದಿನ ದೊಡ್ಡಪ್ಪ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಾ ಅಪ್ಪನಿಗೆ ಹೇಳುತ್ತಿದ್ದ.

"ಇನ್ನೊಂದು ಕಿತ ಮೊಟ್ಟೆ ಇಡಂಗೆ ಕಾಣ್ತದೆ ಕಣ್ಲಾ. ಗಂಡನ್ನ ಬುಟ್ಟಿದ್ದೀನಿ. ಆದ್ರೆ ಆ ಚಿಪ್ಪು ಕೊಳ್ತೋಗ್ಬುಟ್ಟೈತೆ, ಮುಟ್ಟುದ್ರೆ ಕೈಗೇ ಬತ್ತದೆ. ಇವ್ಳೂ ಅಂಗೇ ಮಂಕಾಗಿ ಕುಂತವ್ಳೆ, ಒಂದು ಕಾಯಿ ಒಡಿಯಕ್ಕೂ ಮನ್ಸಿಲ್ಲ."

ಒಳಗೆ ಅವ್ವ ಪಾತ್ರೆ ಉಜ್ಜುತ್ತಿದ್ದಳು. ಉಜ್ಜುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಕಾಯಿ ಒಡೆದ ಸದ್ದು ಕೇಳಿತು. ಅವತ್ತು ಸೊಪ್ಪಿನ ಸಾರು, ಕಾಯಿ ಬೇಕಿರಲಿಲ್ಲ. ಅವ್ವ ಕಾಯಿಯನ್ನೆಲ್ಲ ತುರಿದು ತೆಗೆದು, ಚಾಕುವಿನಲ್ಲಿ ಒಳಗೆ ಒಂದು ಎಳೆಯೂ ಉಳಿಯದ ಹಾಗೆ ಕೆರೆದಳು. ಹೊರಗಿನ ನಾರನ್ನು ಒಗೆಯುವ ಕಲ್ಲಿಗೆ ತಿಕ್ಕಿ ನುಣ್ಣಗೆ ಮಾಡಿದಳು. ಎಣ್ಣೆ ಜಿಡ್ಡು ಹೋಗಲಿ ಎಂದು ಸ್ನಾನದ ಒಲೆಯ ಮೇಲೆ ಕುದಿಸಿದಳು. ಆಮೇಲೆ ಕೂತು ಅಂಚಿನಲ್ಲಿ ಮೊಳೆಯಿಂದ ಸ್ವಲ್ಪ ಸ್ವಲ್ಪವೇ ಒಡೆಯತೊಡಗಿದಳು.

"ಇನ್ನೂ ದೊಡ್ಡ ತೂತು ಮಾಡವ್ವ," ಅಂದೆ. "ದೊಡ್ಡಮ್ಮ ಮಾಡಿದ್ದು ದೊಡ್ಡದಿತ್ತು."

"ದೊಡ್ಡದಿತ್ತು. ಅದುಕ್ಕೇ ಆ ಗಂಡು ನುಗ್ಗಿ ತಿಂದಿದ್ದು. ಎಣ್ಣು ಓಗೋಷ್ಟಿದ್ರೆ ಸಾಕು." ಕಿರುಬೆರಳು ತೂರಿಸಿ ಅಳತೆ ನೋಡಿದಳು. "ಅವ್ಳು ಇಷ್ಟೇ ಅವ್ಳೆ."

ಆ ಮನೆಯ ಹೊಸಿಲು ತುಳಿಯದೆ ಎಷ್ಟೋ ದಿನವಾಗಿದ್ದ ಅವ್ವನಿಗೆ ಮೀನಿನ ಅಳತೆ ಹೇಗೆ ಗೊತ್ತು? ಅದೇ ಬೆಡ್‌ಶೀಟಿನ ಹಿಂದೆ ನಿಂತು ಅವಳೂ ನೋಡುತ್ತಿದ್ದಳು, ಇನ್ನು ಹೇಗೆ. ಚಿಪ್ಪನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು.

"ಕೊಟ್ಬುಟ್ಟು ಬಾ." ನಾನು ಹೊಸಿಲು ದಾಟುವಾಗ ಮತ್ತೆ ಕೂಗಿದಳು. "ಬೇಗ ಬರ್ಬೇಕು."

ಶೀಟನ್ನು ಅವತ್ತು ಅವಳೇ ಒಂದು ಕಡೆಗೆ ಸರಿಸಿದಳು. ದೊಡ್ಡಮ್ಮ ಚಿಪ್ಪನ್ನು ತೆಗೆದುಕೊಂಡು ಒಳಗೂ ಹೊರಗೂ ತಿರುಗಿಸಿ ನೋಡಿದಳು. ಆ ಸಣ್ಣ ಬಾಗಿಲಿನ ಅಂಚಿನಲ್ಲಿ ಹೆಬ್ಬೆರಳು ಆಡಿಸಿದಳು. ಎಲ್ಲೂ ಚುಚ್ಚಲಿಲ್ಲ.

"ನಿಮ್ಮವ್ವ ಮಾಡುದ್ಲಾ?"

"ಊಂ."

ಉಪ್ಪು ಸಾಲದು ಅನ್ನುವ ಹಾಗೆ ಏನಾದರೂ ಅನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. ರವಿಕೆಯ ತೋಳು ಮೇಲೇರಿಸಿ ಚಿಪ್ಪನ್ನು ನೀರಿನ ತಳಕ್ಕೆ ಇಳಿಸಿ, ಬಾಗಿಲು ನಮ್ಮ ಕಡೆಗೆ ಬರುವ ಹಾಗೆ ತಿರುಗಿಸಿದಳು. ಹೆಣ್ಣು ಬಂದು ಸುತ್ತ ಒಂದು ಸುತ್ತು ಹಾಕಿ, ಮೂಗು ತೂರಿಸಿ, ಒಳಗೆ ಹೋಯಿತು. ಗಂಡೂ ಬಂತು. ಅದರ ತಲೆ ಹಿಡಿಸಲಿಲ್ಲ, ಹೊರಗೇ ನಿಂತಿತು. ದೊಡ್ಡಮ್ಮ ನಕ್ಕಳು. ನಾನು ಅವಳ ಮಣೆಯ ತುದಿಯಲ್ಲಿ ಕೂರಲು ಹೋದೆ.

"ಓಗು ಮಗ. ಬೇಗ ಬಾ ಅಂದಿರ್ತಾಳೆ."

"ಅಂದ್ಲು."

"ಮತ್ತೆ? ನಾಳೆ ಬಾ. ಜಡೆ ಅಂಗೇ ಇರ್ಲಿ, ಬಿಚ್ಚಲ್ಲ."

ಹೊರಗೆ ಬಂದೆ. ಎದುರು ಬಾಗಿಲಲ್ಲಿ ಅವ್ವ ಒದ್ದೆ ಕೈ ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದಳು. ಹಿಂದೆ ಕಿಟಕಿಯ ಸರಳು ಹಿಡಿದು ದೊಡ್ಡಮ್ಮ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಡುವೆ ಆ ಸಿಮೆಂಟಿನ ಅಂಗಳ, ಓಡಿದರೆ ಒಂದು ಉಸಿರಿಗೆ ಮುಗಿಯುವಷ್ಟು ದೂರ. ನಾನು ನಲ್ಲಿಯ ಹತ್ತಿರ ನಿಂತು ಕಾಲು ತೊಳೆದುಕೊಂಡೆ. ಒಗೆಯುವ ಕಲ್ಲಿನ ಸುತ್ತ ಒಂದು ಸುತ್ತು ಬಂದೆ. ಬೇಕೆಂತಲೇ, ಆದಷ್ಟು ನಿಧಾನಕ್ಕೆ ನಡೆದೆ.